ಸುನಂದೆಯ ಸೀಟೂ ನನ್ನ ಅಳತೆಯೂ

ಖಂಡೇನವಮಿಯ ದಿನ ಮನೆಯಲ್ಲಿರುವ ಕಬ್ಬಿಣದ ವಸ್ತುಗಳಿಗೆಲ್ಲ ಸ್ನಾನವಾಗಿ, ವಿಭೂತಿ ಬಿದ್ದು, ಚೆಂಡುಹೂ ಏರಬೇಕು ಎಂಬುದು ನಮ್ಮ ಮನೆತನದ ನಿಯಮ. ಗದಗದಲ್ಲಿದ್ದಾಗಲೂ ಹಾಗೆಯೇ, ಪುಣೆಗೆ ಬಂದು ಇಪ್ಪತ್ತಾರು ವರ್ಷವಾದ ಮೇಲೂ ಹಾಗೆಯೇ. ಅಂದಿನ ಹೋಳಿಗೆಯ ಖಾತೆ ನನ್ನ ಹೆಂಡತಿ ಸುನಂದೆಯದು, ಆಯುಧಗಳ ಖಾತೆ ನನ್ನದು. ಇಳಿಗೆಮಣೆ, ಕತ್ತರಿ, ಸುತ್ತಿಗೆ, ಹೊಲಿಗೆಯಂತ್ರ, ಕಾರು, ಇಷ್ಟಕ್ಕೂ ಅಭಿಷೇಕ ಮಾಡುವವನು ನಾನೇ. ಇಷ್ಟು ವರ್ಷಗಳಲ್ಲಿ ಒಂದು ಕತ್ತರಿಯೂ ನನ್ನ ಮೇಲೆ ದೂರು ಹೇಳಿದ್ದಿಲ್ಲ. ಹೀಗಿರುವಾಗ ಈ ಸಲದ ಖಂಡೇನವಮಿಗೆ ಸುನಂದೆಯ ರೋಡ್ ಸೈಕಲ್ಲನ್ನು ತೊಳೆಯಲು ಕೂತಾಗ ನನಗೆ ಅಳುಕಾದರೂ ಯಾಕೆ ಬರಬೇಕು?

ಆ ಸೈಕಲ್ಲಿನ ವಿಷಯ ಮೊದಲು ಹೇಳಬೇಕು. ಸುನಂದೆ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ವಯಸ್ಸು ಐವತ್ತು ದಾಟಿದೆ. ಸಣ್ಣವಳಿದ್ದಾಗ ಅವಳ ತವರಿನಲ್ಲಿ ಸೈಕಲ್ಲು ಇತ್ತು, ಆದರೆ ಅದು ಅಣ್ಣಂದಿರದು. ಅವಳ ಪಾಲಿಗೆ ಬಂದದ್ದು ಅದನ್ನು ಒರೆಸುವ ಕೆಲಸ. ನಾಲ್ಕು ವರ್ಷದ ಹಿಂದೆ ಪುಣೆಯ ವಾಕಡ ಬಡಾವಣೆಯಲ್ಲಿರುವ ನಮ್ಮ ಸೊಸೈಟಿಯ ಕೆಲವು ಹೆಂಗಸರು ರವಿವಾರ ಬೆಳಿಗ್ಗೆ ಸೈಕಲ್ ಹೊಡೆಯಲು ಶುರು ಮಾಡಿದಾಗ, ಇವಳು ಪಾರ್ಕಿಂಗಿನಲ್ಲಿ ಎರಡು ತಿಂಗಳು ಬಿದ್ದೆದ್ದು ಕಲಿತಳು. ಈಗ ಆ ಆರು ಜನರ ಗುಂಪಿನಲ್ಲಿ ಇವಳೇ ಹಿರಿಯಳು. ದೀಪಾವಳಿ ಮುಗಿದ ಎರಡನೆಯ ರವಿವಾರ ವಾಕಡದಿಂದ ಹಳೆಯ ಸಂಸ್ಥಾನದ ಊರಾದ ಭೋರ್‌ವರೆಗೆ ಹೋಗುವುದೆಂದು ಗುಂಪು ನಿಶ್ಚಯ ಮಾಡಿತ್ತು. ಅರವತ್ತು ಕಿಲೋಮೀಟರಿನ ಮೇಲಾಗುತ್ತದೆ. ಅಷ್ಟು ದೂರ ಇವಳು ಒಮ್ಮೆಯೂ ಹೋಗಿರಲಿಲ್ಲ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಸುತ್ತ ಕೆಂಪು ಪೆನ್ನಿನಿಂದ ವೃತ್ತ ಎಳೆದಿದ್ದಳು. ಗಣಿತದವಳು, ವೃತ್ತ ದುಂಡಗೇ ಇತ್ತು.

ಈ ಬೇಸಿಗೆಯಲ್ಲಿ ಕೊಂಡ ಈ ರೋಡ್ ಸೈಕಲ್ಲಿನ ಸೀಟನ್ನು ಅವಳ ಮೈಗೆ ಹೊಂದಿಸಿ ಕೊಟ್ಟವರು ಪುಣೆಯ ಇನ್ನೊಂದು ತುದಿಯ ಕೊಂಢವಾದಲ್ಲಿ ಸಣ್ಣ ಅಂಗಡಿ ಇಟ್ಟಿರುವ ಒಬ್ಬ ಮುದುಕ ಮಿಸ್ತ್ರಿ. ಮೂಲ ವಿಜಾಪುರದವರು, ಎಲ್ಲರೂ ಚಾಚಾ ಎನ್ನುತ್ತಾರೆ. ಒಂದು ಇಡೀ ಮಧ್ಯಾಹ್ನ ಅವಳನ್ನು ಸೈಕಲ್ ಮೇಲೆ ಕೂರಿಸಿ, ಇಳಿಸಿ, ಮತ್ತೆ ಕೂರಿಸಿ, ಸೀಟನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಮಾಡಿ, ಕೊನೆಗೆ ಸೀಟಿನ ಕಂಬಕ್ಕೆ ಕಪ್ಪು ಟೇಪು ಸುತ್ತಿ, ಸೀಟಿನ ಅಡಿಯ ಸರಳುಗಳ ಮೇಲೆ ಬಿಳಿ ಪೆನ್ಸಿಲಿನ ಗೀರು ಹಾಕಿ ಕೊಟ್ಟಿದ್ದರು. ಟೇಪು ಎತ್ತರದ ಗುರುತು, ಗೀರು ಹಿಂದುಮುಂದಿನ ಗುರುತು. ಇದನ್ನು ಅವರು ಸುನಂದೆಗೆ ವಿವರಿಸುವಾಗ ನಾನು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದೆ.

ಖಂಡೇನವಮಿಯ ಬೆಳಿಗ್ಗೆ ನಮ್ಮ ನಾಲ್ಕನೆಯ ಮಹಡಿಯ ಗ್ಯಾಲರಿಯಲ್ಲಿ ಸೈಕಲ್ಲು ನಿಲ್ಲಿಸಿಕೊಂಡು ಕೂತೆ. ನನ್ನ ಕೆಲಸ ಮೇಲೆ ಮೇಲೆ ಮುಗಿಸುವಂಥದ್ದಲ್ಲ. ಸೀಟನ್ನು ಕಂಬ ಸಮೇತ ಹೊರಗೆಳೆದೆ. ಸೀಟಿನ ಅಡಿಯ ಬೋಲ್ಟನ್ನೂ ಬಿಚ್ಚಿದೆ. ನೋಡಿದರೆ ಕಂಬಕ್ಕೆ ಯಾವುದೋ ಹಳೇ ಟೇಪು ಸುತ್ತಿಕೊಂಡಿದೆ, ಅಂಚು ಎದ್ದು ಧೂಳು ಮೆತ್ತಿದೆ. ಪೂಜೆಗೆ ಕೂರುವ ಆಯುಧಕ್ಕೆ ಇಂಥ ಹರಕು ಪಟ್ಟಿಯೇ? ಉಗುರಿನಿಂದ ಎಬ್ಬಿಸಿ ತೆಗೆದೆ. ಅಂಟು ಉಳಿಯಿತು, ಅದನ್ನು ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದೆ. ಸರಳುಗಳ ಮೇಲೆ ಬಿಳಿ ಕಲೆ ಕಂಡವು, ಅವಕ್ಕೆ ಹುಣಸೆಹಣ್ಣು. ಅರ್ಧ ತಾಸಿನಲ್ಲಿ ಕಂಬವೂ ಸರಳೂ ಹೊಸ ಪಾತ್ರೆಯ ಹಾಗೆ ಹೊಳೆಯತೊಡಗಿದವು. ಪೊಲೀಸರಿಗೆ ಒಂದು ಸಾಕ್ಷಿಯೂ ಸಿಗದಂತೆ ಕೆಲಸ ಮುಗಿಸಿದ್ದೆ.

ಆಗ ಅಡುಗೆಮನೆಯಿಂದ ಸುನಂದೆ ಕೂಗಿ ಹೇಳಿದಳು: “ಏನ್ರಿ, ಸೀಟ್ ಮತ್ತ ಹಾಕೋ ಮುಂದ ಟೇಪಿನ ಮಟ್ಟಕ್ಕ ಇಡ್ರಿ. ಚಾಚಾ ಗುರ್ತು ಮಾಡಿ ಕೊಟ್ಟಾರ.”

ಎಸೆಯಲೆಂದು ಆಗಷ್ಟೇ ನೆಲದಿಂದ ಎತ್ತಿಕೊಂಡ ಟೇಪು ನನ್ನ ಹೆಬ್ಬೆರಳಿಗೆ ಅಂಟಿಕೊಂಡಿತ್ತು.

“ಹೂಂ,” ಎಂದೆ.

ಆ ಒಂದು ಹೂಂಗುಟ್ಟುವಿಕೆಯೇ ಮುಂದಿನ ಅನರ್ಥಕ್ಕೆಲ್ಲ ಮೂಲ. ಆ ಕ್ಷಣದಲ್ಲಿ ಎದ್ದು ಹೋಗಿ, “ಸುನಂದಾ, ಟೇಪು ಕಿತ್ತುಬಿಟ್ಟೆ” ಎಂದಿದ್ದರೆ ಎರಡು ಮಾತು ಬೈಯುತ್ತಿದ್ದಳು, ಮರುದಿನ ಕೊಂಢವಾಕ್ಕೆ ಹೋಗಿ ಬರುತ್ತಿದ್ದೆವು, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಹಬ್ಬದ ದಿನ ಬೈಸಿಕೊಳ್ಳುವುದು ಶುಭವಲ್ಲ ಎಂದು ನನಗೆ ನಾನೇ ಶಾಸ್ತ್ರ ಹೇಳಿಕೊಂಡು, ಸೀಟನ್ನು ಕಣ್ಣಂದಾಜಿನಲ್ಲಿ ಸಿಕ್ಕಿಸಿ, ವಿಭೂತಿ ಹಚ್ಚಿ, ಹೂ ಏರಿಸಿದೆ. ಸುನಂದೆ ಆರತಿ ತಟ್ಟೆ ಹಿಡಿದು ಬಂದಳು. ಸೈಕಲ್ಲು ನೋಡಿ ಅವಳ ಮುಖ ಅರಳಿತು.

“ಎಷ್ಟ್ ಛಂದ ತೊಳದೀರಿ. ನನ್ನ ಸೈಕಲ್ಲಿಗೆ ಇಷ್ಟು ಕಾಳಜಿ ಮಾಡ್ತೀರಿ ಅಂತ ತಿಳದಿದ್ದಿಲ್ಲ.”

ನಾನು ವಿನಯದಿಂದ ತಲೆ ತಗ್ಗಿಸಿದೆ.

ಮರುದಿನದಿಂದ ನನ್ನ ಸಂಶೋಧನೆ ಆರಂಭವಾಯಿತು. ಸೀಟಿನ ಎತ್ತರ ಕಂಡುಹಿಡಿಯುವುದು ಏನು ಮಹಾ ವಿದ್ಯೆ? ಫೋನಿನಲ್ಲಿ ಒಬ್ಬ ಮಹನೀಯರು ಸ್ಪಷ್ಟವಾಗಿ ಹೇಳಿದರು: ಕಾಲಿನ ಒಳಗಿನ ಉದ್ದ ಅಳೆಯಿರಿ, ಅದನ್ನು ಇಂಥ ದಶಾಂಶದಿಂದ ಗುಣಿಸಿ, ಬಂದದ್ದೇ ಎತ್ತರ. ಗುಣಾಕಾರ ನನಗೆ ಬರುತ್ತದೆ. ಕಾಲು ಅಳೆಯುವುದೇ ಸಮಸ್ಯೆ. ಮದುವೆಯಾಗಿ ಇಷ್ಟು ವರ್ಷದ ಮೇಲೆ ಅಳತೆಪಟ್ಟಿ ಹಿಡಿದು “ನಿನ್ನ ಕಾಲು ಅಳೆಯುತ್ತೇನೆ” ಎಂದರೆ ಯಾವ ಹೆಂಡತಿ ಸುಮ್ಮನಿರುತ್ತಾಳೆ? ಯಾಕೆ ಎಂದು ಕೇಳಿದರೆ ಟೇಪಿನ ಸಂಗತಿ ಹೊರಬೀಳುತ್ತದೆ.

ಗ್ಯಾಲರಿಯ ಹಗ್ಗದ ಮೇಲೆ ಅವಳ ಹಸುರು ಸಲವಾರ ಒಣಗುತ್ತಿತ್ತು. ಸಲವಾರ ಎಂದರೇನು? ಕಾಲಿನ ಅಳತೆಗೆ ಹೊಲಿದ ಬಟ್ಟೆ. ಕಾಲಿನ ಒಳಗಿನ ಉದ್ದವೇ ಅದರ ಒಳಗಿನ ಹೊಲಿಗೆ. ನನ್ನ ಬುದ್ಧಿಗೆ ನಾನೇ ಮೆಚ್ಚಿ, ಅಳತೆಪಟ್ಟಿ ಹಚ್ಚಿ ಅಳೆದೆ. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

“ನನ್ನ ಸಲವಾರ ಯಾಕ ಅಳೀಲಿಕತ್ತೀರಿ?”

“ಅದು... ನಿನಗೊಂದು ಹೊಸಾ ಡ್ರೆಸ್ ಹೊಲಸೋಣಂತ.”

“ನೀವಾಗೇ ಹಿಂಗ ಯಾವತ್ತೂ ಅಂದಿದ್ದಿಲ್ಲ ನೋಡ್ರಿ,” ಎಂದು ನಾಚಿ ಒಳಗೆ ಹೋದಳು. ಅಂದು ಸಂಜೆ ಚಹಾದ ಜೊತೆ ಕೇಳದೆಯೇ ಭಜಿ ಬಂತು. ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಹೇಳಿದರೆ ನನ್ನ ಮಾನ ಉಳಿಯುತ್ತಿತ್ತು, ಆದರೆ ಇಳಿಯಿತು. ಎರಡನೆಯ ಸಲವೂ ಬಡಿಸಿಕೊಂಡೆ.

ಗುಣಾಕಾರ ಮಾಡಿ ಬಂದ ಎತ್ತರಕ್ಕೆ ಸೀಟು ಇಟ್ಟು ನೋಡಿದರೆ ಅದು ಸಣ್ಣ ಮಕ್ಕಳ ಸೈಕಲ್ಲಿನಂತೆ ಕಾಣಿಸಿತು. ಶಾಸ್ತ್ರ ಹೇಳುವುದು ಒಂದು, ಕಣ್ಣು ಹೇಳುವುದು ಇನ್ನೊಂದು. ಎರಡಕ್ಕೂ ನೋವಾಗದಂತೆ ನಡುವೆ ಒಂದು ಮಟ್ಟ ಹಿಡಿದು ಬೋಲ್ಟು ಬಿಗಿ ಮಾಡಿದೆ. ಇಷ್ಟಾದ ಮೇಲೂ ಸೀಟು ಇರಬೇಕಾದದ್ದಕ್ಕಿಂತ ಎರಡು ಬೆರಳು ಕೆಳಗಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ.

ರವಿವಾರ ಸುನಂದೆ ಸವಾರಿ ಮುಗಿಸಿ ಬಂದವಳು ಹೆಲ್ಮೆಟ್ ತೆಗೆಯುತ್ತ ಹೇಳಿದಳು: “ಏನೋ ಬ್ಯಾರೆ ಅನಸ್ತದರಿ. ಮುಂದ ಜಾರಿದಂಗ ಆಗ್ತದ.”

“ತೊಳದ ಮ್ಯಾಲೆ ಹಂಗ ಅನಸ್ತದ. ಎರಡು ದಿವಸದಾಗ ಸರಿ ಹೋಗ್ತದ,” ಎಂದೆ. ಸೈಕಲ್ಲಿಗೆ ಸ್ನಾನದಿಂದ ನೆಗಡಿಯಾಗುತ್ತದೆ ಎಂಬಂತೆ ಮಾತಾಡಿದೆ, ಅವಳು ನಂಬಿದಳು. ಆಯುಧಗಳ ಖಾತೆ ನನ್ನದಲ್ಲವೇ!

ನನ್ನ ವಿಮಾ ಕಚೇರಿ ಅವಳ ಶಾಲೆಗಿಂತ ಒಂದು ತಾಸು ತಡವಾಗಿ ತೆರೆಯುತ್ತದೆ. ಬೆಳಗಿನ ಆ ಒಂದು ತಾಸನ್ನು ನಾನು ದೇಶಸೇವೆಗೆ ಕೊಟ್ಟಿದ್ದರೆ ದೇಶಕ್ಕೆ ಒಳಿತಾಗುತ್ತಿತ್ತು. ಸೀಟಿಗೆ ಕೊಟ್ಟೆ. ಸೋಮವಾರ ಸೈಕಲ್ಲನ್ನು ಪಾರ್ಕಿಂಗಿಗೆ ಇಳಿಸಿ, ಬೋಲ್ಟು ತಿರುಗಿಸುವ ಅಲನ್ ಕೀ ಹಿಡಿದು ಬಗ್ಗಿದ್ದಾಗ ನೆಲಮಹಡಿಯ ಶೆಟ್ಟರು ಬಂದು ನಿಂತರು. ಕುಂದಾಪುರದವರು, ಎರಡು ಹೋಟೆಲಿನ ಧಣಿಗಳು, ಅಭಿಪ್ರಾಯ ಕೊಡುವುದರಲ್ಲಿ ಎಂದೂ ಕೈ ಹಿಂದೆ ಮಾಡಿದವರಲ್ಲ.

“ಎಂತ ಮಾಡ್ತಾ ಇದ್ದೀರಿ ಮಾರಾಯ್ರೆ?”

“ಸೀಟು ಮುಂದ ಜಾರ್ತದಂತ್ರಿ.”

“ಅದಕ್ಕೆಂತ ಇಷ್ಟು ಆಲೋಚನೆ? ಮೂತಿ ಸ್ವಲ್ಪ ಮೇಲೆ ಮಾಡಿ. ಮತ್ತೆ ಹೇಗೆ ಜಾರ್ತದೆ ನೋಡುವ.”

“ಹಂಗ ಮಾಡಬಹುದೇನ್ರಿ?”

“ನಾನು ಹತ್ತು ವರ್ಷ ಸೈಕಲ್ ಹೊಡೆದವ. ನನಗೆ ಹೇಳ್ತೀರಾ?”

ಶೆಟ್ಟರ ಹೋಟೆಲಿನಲ್ಲಿ ಟೈಲ್ಸ್ ಕೆಲಸ ನಡೆದಿತ್ತು. ಗಾರೆಯವರ ರಸಮಟ್ಟ ಅವರ ಕಾರಿನಲ್ಲೇ ಇತ್ತು. ಅದನ್ನು ತಂದು ಸೀಟಿನ ಮೇಲೆ ಇಟ್ಟರು. ಗುಳ್ಳೆ ನಡುವೆ ಬರುವವರೆಗೆ ಸೀಟನ್ನು ಹೊಂದಿಸಿ, ಅದರ ಮೇಲೆ ಶೆಟ್ಟರ ಸಲಹೆಯಂತೆ ಮೂತಿಯನ್ನು ಒಂದು ಎಳೆ ಎತ್ತಿದೆವು. ಪಾರ್ಕಿಂಗಿನ ನೆಲವನ್ನು ಮಳೆನೀರು ಹರಿಯಲೆಂದು ಗಟಾರದ ಕಡೆಗೆ ಇಳಿಜಾರು ಮಾಡಿದ್ದಾರೆ, ಸೈಕಲ್ಲಿನ ಮುಂದಿನ ಗಾಲಿ ಆ ಇಳಿಜಾರಿನ ಕೆಳಗಿದೆ, ಅಲ್ಲಿ ಮಟ್ಟ ಎಂದು ಕಂಡದ್ದು ಸಪಾಟು ರಸ್ತೆಯಲ್ಲಿ ಮೂತಿ ಎತ್ತಿ ಆಕಾಶ ನೋಡುತ್ತದೆ. ಇದು ಇಬ್ಬರು ಪ್ರೌಢ ಗೃಹಸ್ಥರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ರವಿವಾರ ಸುನಂದೆ ಬಂದು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಚಹಾ ಕುಡಿದಳು. ಸೋಮವಾರ ಮೂತಿ ಇಳಿಸಿದೆ. ಅದರ ಮುಂದಿನ ವಾರ ಹ್ಯಾಂಡಲ್ ದೂರವಾಗಿ ಕೈ ಜೋಮು ಹಿಡಿಯುತ್ತದೆ ಎಂದಳು. ಸೀಟನ್ನು ಎರಡು ಬೆರಳು ಮುಂದೆ ದೂಡಿದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುತ್ತಿತ್ತು, ಅದನ್ನು ಸರಿ ಮಾಡಲು ಹೋದರೆ ಮೂರನೆಯದು. ಟೇಪೂ ಗೀರೂ ಇಲ್ಲದ ಮೇಲೆ ಹಿಂದೆ ಎಲ್ಲಿತ್ತು ಎಂದು ನೋಡಿಕೊಳ್ಳಲು ನನಗೆ ದಾರಿಯೇ ಉಳಿದಿರಲಿಲ್ಲ.

ಆಮೇಲೆ ಮೊಣಕಾಲು ಶುರುವಾಯಿತು.

ಮೊಣಕಾಲಿನ ಚಿಪ್ಪಿನ ಮುಂಭಾಗದಲ್ಲಿ ನೋವು. ಮೊದಲು ಏರು ಹತ್ತುವಾಗ ಮಾತ್ರ, ಆಮೇಲೆ ಶಾಲೆಯ ಮೆಟ್ಟಿಲು ಹತ್ತುವಾಗಲೂ. ಒಂದು ಸಂಜೆ ಅವಳು ಕಾಲು ನೀಡಿ ಕೂತು, ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಯಾರಿಗೋ ಹೇಳುವಂತೆ ಹೇಳಿದಳು: “ಅವ್ವಗೂ ಐವತ್ತಕ್ಕನ ಮೊಣಕಾಲು ಹಿಡದಿದ್ದವು. ನಮ್ಮ ಮನಿತನದಾಗ ಅದ. ವಯಸ್ಸು ಕೇಳಬೇಕಲ್ಲ.”

ನಾನು ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ಹೊರಬಂದದ್ದು, “ಇರಬಹುದು” ಎಂಬ ಮಾತು.

ನನ್ನ ಬಾಯಿಗೆ ಹುಳ ಬೀಳಬೇಕಿತ್ತು. ಟೇಪು ಕಿತ್ತದ್ದು ಅಜ್ಞಾನ, ಸಲವಾರ ಅಳೆದದ್ದು ಮೂರ್ಖತನ, ರಸಮಟ್ಟ ಇಟ್ಟದ್ದು ಶೆಟ್ಟರ ಸಹವಾಸ. ಇವನ್ನೆಲ್ಲ ನಕ್ಕು ಹೇಳಬಹುದು. ಆದರೆ ತನ್ನ ಮೈ ತನಗೆ ಕೈಕೊಡುತ್ತಿದೆ ಎಂದು ಅವಳು ನಂಬುತ್ತಿದ್ದಾಗ ನಾನು ಇರಬಹುದು ಎಂದದ್ದನ್ನು ನಕ್ಕು ಹೇಳಲು ನನಗೆ ಈಗಲೂ ಆಗುವುದಿಲ್ಲ. ಅಂದಿನಿಂದ ಪ್ರತಿ ಸಂಜೆ ಎಳ್ಳೆಣ್ಣೆ ಬಿಸಿ ಮಾಡಿ ಅವಳ ಮೊಣಕಾಲಿಗೆ ನಾನೇ ತಿಕ್ಕಿದೆ. ಬೇಡವೆಂದರೂ ಬಿಡಲಿಲ್ಲ. ಅವಳು ತನ್ನ ಗೆಳತಿಯರಿಗೆಲ್ಲ ಫೋನಿನಲ್ಲಿ ಹೇಳಿಕೊಂಡಳು: “ನಮ್ಮವರು ಭಾಳ ಮಾಡ್ಲಿಕತ್ತಾರ ಈಗ. ದಿನಾ ಎಣ್ಣಿ ತಿಕ್ಕತಾರ.” ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವನು ನಾನು, ಉಣ್ಣುವವಳು ಅವಳು, ಮೇಲೆ ಹೊಗಳಿಕೆ ನನಗೆ.

ಭೋರ್‌ಗೆ ಹೊರಡುವ ಹಿಂದಿನ ದಿನ ಹೇಳಿಯೇ ಬಿಡುತ್ತೇನೆಂದು ನಿರ್ಧಾರ ಮಾಡಿದ್ದೆ. ಅವಳು ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ನಿಂತು, “ಸುನಂದಾ, ಒಂದು ಮಾತು” ಎಂದೆ. ಅವಳು ತಿರುಗಿ, “ಏನ್ರಿ? ಬ್ಯಾಡ ಅಂತೀರೇನು? ನೋವಿದ್ರೂ ಹೋಗಾಕಿ ನಾನು. ಇದೊಂದು ಸಲ ಹೋಗ್ತೀನಿ” ಎಂದಳು. ಕಣ್ಣಲ್ಲಿ ಎಷ್ಟು ಆಸೆ ಇತ್ತೆಂದರೆ, “ಮಜ್ಜಿಗೆ ಎಷ್ಟು ಮಾಡ್ತಿ ಅಂತ ಕೇಳಲಿಕ್ಕೆ ಬಂದೆ” ಎಂದು ಹೇಳಿ ಹಿಂದೆ ಸರಿದೆ.

ರವಿವಾರ ಬೆಳಗಿನ ಐದಕ್ಕೆ ಆರು ಸೈಕಲ್ಲುಗಳು ಹೊರಟವು. ಹಿಂದೆ ಕಾರಿನಲ್ಲಿ ನಾನು. ಆರು ಜನರ ಚಪಾತಿ, ಚಟ್ನಿ, ಎರಡು ಕ್ಯಾನು ಮಜ್ಜಿಗೆ, ಔಷಧದ ಡಬ್ಬಿ, ಗಾಳಿಪಂಪು ಎಲ್ಲ ನನ್ನ ಸುಪರ್ದಿನಲ್ಲಿದ್ದವು. ಬೆಂಗಾವಲು ಪಡೆಯ ಮುಖ್ಯಸ್ಥನೆಂದು ಹೆಂಗಸರೆಲ್ಲ ನನಗೆ ನಮಸ್ಕಾರ ಮಾಡಿದರು.

ಕಾತ್ರಜದ ಸುರಂಗದವರೆಗೆ ಸುನಂದೆ ಗುಂಪಿನ ನಡುವೆ ಇದ್ದಳು. ಖೇಡ್ ಶಿವಾಪುರದಲ್ಲಿ ಕೊನೆಯವಳಾದಳು. ಆಮೇಲೆ ಅವಳಿಗೂ ಉಳಿದವರಿಗೂ ನಡುವೆ ಅಂತರ ಬೀಳತೊಡಗಿತು. ಹಿಂದಿನಿಂದ ನನಗೆ ಅವಳ ಕಾಲುಗಳು ಕಾಣುತ್ತಿದ್ದವು. ಬಲಗಾಲು ತುಳಿಯುವಾಗಲೆಲ್ಲ ಹೆಗಲು ಒಂದು ಕಡೆ ವಾಲುತ್ತಿತ್ತು. ಕಾಪೂರಹೋಳದಲ್ಲಿ ಹೆದ್ದಾರಿ ಬಿಟ್ಟು ಭೋರ್ ರಸ್ತೆಗೆ ತಿರುಗುವಲ್ಲಿ ಅವಳು ಇಳಿದಳು. ಇಳಿದವಳು ಸೈಕಲ್ಲನ್ನು ಹಿಡಿದುಕೊಂಡು ಹಾಗೆಯೇ ನಿಂತಳು.

ಗುಂಪಿನ ಮುಂದಾಳು ವೈಶಾಲಿ ಎಂಬ ಹುಡುಗಿ ಹಿಂದೆ ಬಂದು, “ಕಾಕೂ, ಥಾಂಬೂಯಾ ಕಾ?” ಎಂದು ಕೇಳಿದಳು. ನಾವೂ ನಿಲ್ಲೋಣವೇ ಎಂದು.

“ನಕೋ ಗ. ತುಮ್ಹೀ ವ್ಹಾ ಪುಢೇ,” ಎಂದು ಸುನಂದೆ ನಗುತ್ತ ಅವಳನ್ನು ಮುಂದೆ ಕಳಿಸಿದಳು. ಐದು ಸೈಕಲ್ಲುಗಳು ತಿರುವಿನಲ್ಲಿ ಮರೆಯಾದ ಮೇಲೆ ನಗು ನಿಂತಿತು. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತಳು. ಅಲ್ಲಿಂದ ಭೋರ್ ಹದಿಮೂರು ಕಿಲೋಮೀಟರೋ ಏನೋ.

“ಸೈಕಲ್ ಮಾರಿಬಿಡೋಣ್ರಿ,” ಎಂದಳು. “ನನ್ನ ಕಾಲ ಮುಗೀತು.”

ಆಗ ಹೇಳಿದೆ. ಚಹಾ ಅಂಗಡಿಯವನು ಎದುರಿಗಿದ್ದ, ಲಾರಿಗಳು ಹೋಗುತ್ತಿದ್ದವು, ಕೈಯಲ್ಲಿ ಮಜ್ಜಿಗೆಯ ಲೋಟ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ. ಅವಳು ನನ್ನ ಕಡೆ ನೋಡದೆ ಕೇಳಿಸಿಕೊಂಡಳು.

“ಟೇಪು ಯಾವಾಗ ಕಿತ್ತಿದ್ದು?”

“ಖಂಡೇನವಮಿ ದಿವಸ.”

“ನಾ ಕೂಗಿ ಹೇಳಿದ್ನಲ್ಲ, ಅವಾಗ?”

“ಅವಾಗ ಅದು ನನ್ನ ಬೆರಳಿಗೆ ಅಂಟಿಕೊಂಡಿತ್ತು.”

“ಮತ್ತ ಎತ್ತರ ಹೆಂಗ ಇಟ್ರಿ? ನನ್ನ ಕಾಲು ಅಳದೇ ಇಲ್ಲ ನೀವು.”

“ಸಲವಾರ ಅಳದೆ.”

“ಯಾವುದು?”

“ಹಸುರು.”

“ಅದು ಪಟಿಯಾಲಾ ಅದರಿ,” ಎಂದಳು ಸುನಂದೆ. ತರಗತಿಯಲ್ಲಿ ದಡ್ಡನಿಗೆ ವಿವರಿಸುವಾಗಿನ ತಾಳ್ಮೆ ಅವಳ ದನಿಯಲ್ಲಿತ್ತು. “ಎರಡು ಕಾಲು ಕೂಡೋ ಕಡೆ ಅದು ಒಂದು ಗೇಣು ಕೆಳಗ ಜೋತಾಡ್ತದ. ಅದರ ಒಳಗಿನ ಹೊಲಿಗಿ ಅಳದ್ರ ನನ್ನ ಕಾಲು ಹೆಂಗ ಬರ್ತದ?”

ಅವಳು ರಸ್ತೆಯ ಕಡೆ ತಿರುಗಿದಳು. ಆಮೇಲೆ ದನಿ ಸಣ್ಣದಾಯಿತು.

“ಅಂದ್ರ ಅವತ್ತು ಅಳದದ್ದು ಡ್ರೆಸ್ ಹೊಲಸಲಿಕ್ಕಲ್ಲ.”

“ಅಲ್ಲ.”

“ಎಣ್ಣಿ ತಿಕ್ಕೋ ಮುಂದ ನಿಮಗ ಗೊತ್ತಿತ್ತು.”

“ಗೊತ್ತಿತ್ತು.”

ಅವಳು ಬೈಯಲಿಲ್ಲ. ಬೈದಿದ್ದರೆ ನಾನು ಗೆದ್ದೆ ಎಂದುಕೊಳ್ಳುತ್ತಿದ್ದೆ. “ಅಲನ್ ಕೀ ಕಾರಿನಾಗ ಅದ, ಈಗ ಸೀಟ್ ಏರಸ್ತೀನಿ, ನಿಧಾನ ಹೋಗೋಣ” ಎಂದು ನಾನು ಎದ್ದಾಗ ಮಾತ್ರ ಅವಳು ಕೈ ಅಡ್ಡ ಹಿಡಿದು, “ಮುಟ್ಟಬ್ಯಾಡ್ರಿ” ಎಂದಳು. ಸೈಕಲ್ಲಿನ ಮುಂದಿನ ಗಾಲಿಯನ್ನು ತಾನೇ ಬಿಚ್ಚಿದಳು. ಕಾರಿನ ಹಿಂದಿನ ಸೀಟಿನಲ್ಲಿ ಸೈಕಲ್ಲನ್ನು ತಾನೇ ಮಲಗಿಸಿದಳು. ನಾನು ಮಜ್ಜಿಗೆಯ ಲೋಟ ಹಿಡಿದು ನಿಂತಿದ್ದೆ, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ವಾಕಡಕ್ಕೆ ತಿರುಗಿ ಹೋಗೋಣವೇ ಎಂದರೆ ಐವರ ಊಟ ನಮ್ಮ ಕಾರಿನಲ್ಲಿತ್ತು. ಭೋರ್‌ಗೆ ಹೋಗಲೇಬೇಕಾಯಿತು. ದಾರಿಯಲ್ಲಿ ಆ ಐವರನ್ನು ದಾಟಿದೆವು. ಸುನಂದೆ ಕಿಟಕಿಯಿಂದ ಕೈ ಹೊರಗೆ ಚಾಚಿ ಬೀಸಿದಳು, “ಶಾಬಾಸ್” ಎಂದು ಕೂಗಿದಳು. ಕೈ ಒಳಗೆ ತೆಗೆದುಕೊಂಡ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡಳು. ಊರೊಳಗೆ ಹಳೆಯ ಅರಮನೆಯ ದೊಡ್ಡ ಬಾಗಿಲಿನ ಮುಂದೆ ಅವರೆಲ್ಲ ಸೈಕಲ್ಲು ಎತ್ತಿ ಹಿಡಿದು ಫೋಟೋ ತೆಗೆಸಿಕೊಂಡರು. ಆ ಫೋಟೋ ಸೊಸೈಟಿಯ ಎಲ್ಲರ ಫೋನಿನಲ್ಲೂ ಇದೆ. ಅದರಲ್ಲಿ ಐವರಿದ್ದಾರೆ. ತೆಗೆದವಳು ಸುನಂದೆ.

ಮುಂದಿನ ಶನಿವಾರ ಇಬ್ಬರೂ ಕೊಂಢವಾಕ್ಕೆ ಹೋದೆವು. ಈ ಸಲ ನಾನು ಚಹಾಕ್ಕೆ ಹೋಗದೆ ಅಂಗಡಿಯೊಳಗೇ ನಿಂತೆ. ಚಾಚಾ ಸೈಕಲ್ಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕನ್ನಡಕ ಏರಿಸಿ, ಸೀಟನ್ನು ಮೂರು ದಿಕ್ಕಿನಿಂದ ನೋಡಿದರು.

“ಯಾರವ ಇದನ್ನ ಮಾಡಿದಂವ?”

ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಸುನಂದೆ ಹೇಳಿದಳು: “ಒಬ್ಬ ಮಿಸ್ತ್ರಿ ಇದ್ದಾನ್ರಿ ಚಾಚಾ, ನಮ್ಮ ಮನಿ ಹತ್ರ.”

“ಎಷ್ಟು ಹತ್ರ?”

“ಭಾಳ ಹತ್ರ.”

“ಅವನ ಕೈಗೆ ಇನ್ನ ಸೈಕಲ್ ಕೊಡಬ್ಯಾಡ್ರಿ ತಾಯಿ. ಎರಡು ಬೆರಳು ಕೆಳ್ಗ ಇಳಿಸ್ಯಾನ, ಮ್ಯಾಲೆ ಮುಂದ ಬ್ಯಾರೆ ದೂಡ್ಯಾನ. ಮೊಣಕಾಲು ಇನ್ನೇನಾಗಬೇಕು? ಇಂಥಂವಗ ಸೀಟ್ ಬಿಡ್ರಿ, ಸ್ಟೂಲ್ ಸೈತ ಮುಟ್ಟಲಿಕ್ಕೆ ಬಿಡಬಾರದು.” ಆಮೇಲೆ ನನ್ನ ಕಡೆ ತಿರುಗಿ, ಬೇಸರದಿಂದ, “ಸಾಹೇಬ್ರ, ಅಂವ ಹಿಂಗ ಮಾಡೋ ಮುಂದ ನೀವಾರ ಅಲ್ಲೇ ನಿಂತು ನೋಡಬಾರದೇನ್ರಿ?” ಎಂದರು.

“ನಿಂತಿದ್ದೆ,” ಎಂದೆ.

“ನಿಂತೂ ಸುಮ್ಮನಿದ್ರಿ?”

“ಹೌದ್ರಿ.”

ಚಾಚಾ ತಲೆ ಅಲ್ಲಾಡಿಸಿ ನನ್ನನ್ನು ಬಿಟ್ಟುಬಿಟ್ಟರು. ಸುನಂದೆಯನ್ನು ಸೀಟಿನ ಮೇಲೆ ಕೂರಿಸಿ, ಹಿಮ್ಮಡಿಯನ್ನು ಪೆಡಲಿನ ಮೇಲೆ ಇಡಿಸಿ, ಕಾಲು ನೆಟ್ಟಗಾಗುವವರೆಗೆ ಸೀಟನ್ನು ಏರಿಸಿದರು. ಹಿಂದೆ ಸರಿಸಿದರು. ಅವಳ ಮೊಣಕಾಲನ್ನು ಪೆಡಲು ತಿರುಗಿಸಿ ತಿರುಗಿಸಿ ನೋಡಿ, “ನಿಮ್ಮ ಮೊಣಕಾಲು ಚಲೋ ಅವ ತಾಯಿ. ಅವಕ್ಕೇನೂ ಆಗಿಲ್ಲ. ಒಂದು ತಿಂಗಳು ಆರಾಮ ತಗೊಂಡು ಮತ್ತ ಹೊಡೀರಿ” ಎಂದರು. ಸುನಂದೆ ಗೋಡೆಯ ಕಡೆ ತಿರುಗಿ ಓಢಣಿಯಿಂದ ಕಣ್ಣು ಒರೆಸಿಕೊಂಡಳು. ಇಷ್ಟು ದಿನ ಅವಳು ಎಷ್ಟು ಹೆದರಿದ್ದಳೆಂಬುದು ನನಗೆ ಆಗ ಗೊತ್ತಾಯಿತು. ಗಂಡನಾದವನಿಗೆ ಅದು ಮಿಸ್ತ್ರಿಯ ಅಂಗಡಿಯಲ್ಲಿ ಗೊತ್ತಾಗಬಾರದಿತ್ತು.

ಗುಂಪಿನವರು ಮತ್ತೆ ಭೋರ್‌ಗೆ ಹೋಗುವ ಮಾತೆತ್ತಲಿಲ್ಲ. ಅವರಿಗೆ ಅದು ಆಗಿಹೋದ ಸಂಗತಿ. ಸಂಕ್ರಾಂತಿ ಮುಗಿದ ಮೇಲೆ ಒಂದು ಶನಿವಾರ ಸಂಜೆ ಸುನಂದೆ, “ನಾಳೆ ನಾ ಭೋರ್‌ಗೆ ಹೋಗ್ತೀನಿ. ಒಬ್ಬಾಕಿನ. ನೀವು ಹಿಂದ ಬರಬ್ಯಾಡ್ರಿ” ಎಂದಳು. ನಾನು ಮರುದಿನ ಬೆಳಿಗ್ಗೆಯಿಂದ ಫೋನ್ ಎದುರಿಗಿಟ್ಟುಕೊಂಡು ಕೂತೆ. ಒಂಬತ್ತೂವರೆಗೆ ಬಂತು. ಅರಮನೆಯ ಬಾಗಿಲಲ್ಲಿದ್ದಾಳಂತೆ. ದನಿಯಲ್ಲಿ ಏದುಸಿರಿತ್ತು, ನಗೆಯಿತ್ತು. “ಇನ್ನ ಬರ್ರಿ, ಕರಕೊಂಡು ಹೋಗ್ರಿ,” ಎಂದಳು.

ಹೋಗಿ ಕರೆದುಕೊಂಡು ಬಂದೆ. ಕಾರಿನಲ್ಲಿ ಬಹಳ ಹೊತ್ತಿನ ಮೇಲೆ ಧೈರ್ಯ ಮಾಡಿ ಕೇಳಿದೆ: “ಸೀಟ್ ಹೆಂಗಿತ್ತು?”

“ಸೀಟಿನ ನೆನಪ ಬರಲಿಲ್ಲ ನೋಡ್ರಿ.”

“ನನ್ನ ನೆನಪು?”

“ಬಂತಲ್ರಿ,” ಎಂದಳು. “ಕಾಪೂರಹೋಳದಾಗ.”

ಆ ತಿರುವು ಬಂದು ಹೋಗುವವರೆಗೆ ನಾನು ಎದುರಿನ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಮನೆಗೆ ಬಂದ ಮೇಲೆ ಸೈಕಲ್ಲು ಇಳಿಸಲು ಹೋದೆ. “ನಾ ಇಳಸ್ತೀನಿ, ನೀವು ಲಿಫ್ಟಿನ ಬಾಗಲಾ ಹಿಡೀರಿ,” ಎಂದಳು. ಹಿಡಿದು ನಿಂತೆ. ಅವಳು ಗಾಲಿ ಜೋಡಿಸಿ, ಸೈಕಲ್ಲು ತಳ್ಳಿಕೊಂಡು ಒಳಗೆ ಹೋದಳು. ಹಿಂದಿನ ಗಾಲಿ ಇನ್ನೂ ಹೊರಗಿರುವಾಗಲೇ ನನ್ನ ಕೈ ಜಾರಿ ಬಾಗಿಲು ಬಂದು ಗಾಲಿಗೆ ಬಡಿಯಿತು. ಈ ಲಿಫ್ಟೇ ಸರಿಯಿಲ್ಲ ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದು ಕೂತಿತ್ತು.

“ನಾನೇ ಕೈ ಬಿಟ್ಟೆ, ಸುನಂದಾ,” ಎಂದೆ.

“ಕಂಡತು,” ಎಂದು ಅವಳು ಗಾಲಿಯನ್ನು ಒಳಗೆಳೆದುಕೊಂಡು ನಾಲ್ಕನೆಯ ಮಹಡಿಯ ಗುಂಡಿ ಒತ್ತಿದಳು. ಅವಳೂ ಸೈಕಲ್ಲೂ ನಿಂತ ಮೇಲೆ ಲಿಫ್ಟಿನಲ್ಲಿ ನನಗೆ ಜಾಗವಿರಲಿಲ್ಲ. ಮೆಟ್ಟಿಲು ಹತ್ತಿಕೊಂಡು ಹೋದೆ.